ವಾಯಿದೆ ಪೇಟೆಯ ಅಂತರವೂ ನಮ್ಮ ಒಕ್ಕಲಿಗರೂ

ಫಾಲ್ಗುಣವು ಮುಗಿದು ಚೈತ್ರವು ಕಾಲಿಡುವ ಹೊತ್ತಿಗೆ ತಿಕೋಟಾ, ಬಬಲೇಶ್ವರ ಭಾಗಗಳ ಒಕ್ಕಲಿಗರ ಮನೆಗಳಲ್ಲಿ ವರ್ಷವರ್ಷವೂ ಒಂದೇ ಪ್ರಶ್ನೆಯು ಏಳುತ್ತದೆ. ಕಡಲೆಯ ರಾಶಿಯು ಕಣದಿಂದ ಮನೆಗೆ ಬಂದಿರುತ್ತದೆ. ದ್ರಾಕ್ಷಿಯು ಚಪ್ಪರದ ಬಲೆಗಳ ಮೇಲೆ ಒಣಗಿ ಮಣೂಕವಾಗಿ ಪೆಟ್ಟಿಗೆಗಳನ್ನು ಸೇರಿರುತ್ತದೆ. ಮಾಲನ್ನು ಈಗಲೇ ಮಾರಬೇಕೋ, ಇಲ್ಲವೆ ದೀಪಾವಳಿಯ ವರೆಗೆ ಇಡಬೇಕೋ? ನೆರೆಯವನನ್ನು ಕೇಳಿದರೆ ಇಡು ಎನ್ನುವನು. ಅಡತಿಯವನನ್ನು ಕೇಳಿದರೆ ಮಾರು ಎನ್ನುವನು. ಮನೆಯ ಹುಡುಗನು ಕೈಯೊಳಗಿನ ಫೋನು ನೋಡಿ ಮೂರನೆಯದೊಂದನ್ನು ಹೇಳುವನು. ಧಾರಣೆಯು ಏರುವದೋ ಇಳಿಯುವದೋ ಎಂಬದನ್ನು ಕುರಿತು ಮಾತಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಎಷ್ಟು ಏರಿದರೆ ಇಟ್ಟದ್ದು ಸಾರ್ಥಕವಾಗುವದು ಎಂಬ ಲೆಕ್ಕವನ್ನು ಬರೆದು ತೋರಿಸುವವರು ಮಾತ್ರ ವಿರಳ.

ಈ ಲೆಕ್ಕವೇ ವಾಯಿದೆ ಪೇಟೆಯಲ್ಲಿ ‘ಅಂತರ’ವೆನಿಸಿಕೊಳ್ಳುತ್ತದೆ. ಪೇಟೆಯ ಜನರು ಇದನ್ನು ‘ಸ್ಪ್ರೆಡ್’ ಎನ್ನುವರು. ಹೆಸರು ಹೊಸದಾದರೂ ವಸ್ತುವು ಹಳೆಯದು. ಇದನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಭ್ರಾಂತಿಗಳು ಹಬ್ಬಿರುವದನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯಲು ತೊಡಗಿದ್ದೇನೆ. ವಾಯಿದೆಯೆಂದರೆ ಬರಿಯ ಜೂಜು, ಅದರ ಗೊಡವೆಯೇ ನಮಗೆ ಬೇಡವೆಂಬದು ಹಿರಿಯರ ಭ್ರಾಂತಿ. ಒಂದು ತಿಂಗಳನ್ನು ಕೊಂಡು ಇನ್ನೊಂದು ತಿಂಗಳನ್ನು ಮಾರಿದರೆ ನಷ್ಟವೇ ಇಲ್ಲವೆಂಬದು ಕಿರಿಯರ ಭ್ರಾಂತಿ. ನನ್ನ ತಿಳಿವಳಿಕೆಯಂತೆ ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯದ್ದು.

ಮೊದಲು ವಿಷಯವನ್ನು ಸ್ಪಷ್ಟಪಡಿಸುವದು ಅವಶ್ಯ. ಮುಂದೆ ಬರುವ ಒಂದು ನಿಶ್ಚಿತ ತಿಂಗಳಲ್ಲಿ, ನಿಶ್ಚಿತ ಗುಣದ, ನಿಶ್ಚಿತ ತೂಕದ ಮಾಲನ್ನು ಇಂದೇ ಒಪ್ಪಿದ ಧಾರಣೆಗೆ ಕೊಡುವ ಅಥವಾ ಕೊಳ್ಳುವ ಕರಾರಿಗೆ ವಾಯಿದೆಯೆಂದು ಹೆಸರು. ಒಂದೇ ಮಾಲಿಗೆ ಏಪ್ರಿಲ್, ಜೂನ್, ಆಗಸ್ಟ್ ಎಂದು ಬೇರೆ ಬೇರೆ ತಿಂಗಳುಗಳ ವಾಯಿದೆಗಳು ಏಕಕಾಲದಲ್ಲಿ ನಡೆಯುತ್ತವೆ. ಅವುಗಳ ಧಾರಣೆಗಳು ಒಂದೇ ಆಗಿರುವದಿಲ್ಲ. ಈ ಎರಡು ಧಾರಣೆಗಳ ನಡುವಿನ ಅಂತರವು ಹಿಗ್ಗುವದೆಂದೋ ಕುಗ್ಗುವದೆಂದೋ ಊಹಿಸಿ, ಒಂದನ್ನು ಕೊಂಡು ಇನ್ನೊಂದನ್ನು ಮಾರುವದೇ ಅಂತರದ ವ್ಯಾಪಾರವು. ಇಲ್ಲಿ ಕಡಲೆಯು ಏರಿತೋ ಇಳಿಯಿತೋ ಎಂಬದು ವ್ಯಾಪಾರಿಗೆ ಮುಖ್ಯವಲ್ಲ. ಒಂದು ತಿಂಗಳು ಇನ್ನೊಂದಕ್ಕಿಂತ ಎಷ್ಟು ಮುಂದೆ ಹೋಯಿತು ಎಂಬದೇ ಮುಖ್ಯ. ತಿಂಗಳುಗಳ ಅಂತರದಂತೆಯೇ ಊರುಗಳ ಅಂತರವೂ ಉಂಟು, ಮಾಲಿನ ಜಾತಿಗಳ ಅಂತರವೂ ಉಂಟು, ಸೋಯಾ ಕಾಳು ಮತ್ತು ಅದರ ಎಣ್ಣೆಹಿಂಡಿಗಳಂತೆ ಕಚ್ಚಾ ಮಾಲಿಗೂ ಅದರಿಂದ ಆಗುವ ಪದಾರ್ಥಕ್ಕೂ ಇರುವ ಅಂತರವೂ ಉಂಟು. ನಮ್ಮ ಜಿಲ್ಲೆಯ ಒಕ್ಕಲಿಗನಿಗೆ ಮೊದಲನೆಯ ಎರಡೇ ಮುಖ್ಯವಾದವುಗಳಾದ್ದರಿಂದ ಉಳಿದವುಗಳನ್ನು ಬಿಡುತ್ತೇನೆ.

ನಮ್ಮ ಹಿರಿಯರು ಅಂತರದ ವ್ಯಾಪಾರವನ್ನು ಕಂಡವರಲ್ಲವೆಂದು ಯಾರೂ ಭಾವಿಸತಕ್ಕದ್ದಲ್ಲ. ವಿಜಯಪುರ ಸೀಮೆಯ ಹಳೆಯ ವಾಡೆಗಳಲ್ಲಿಯೂ ಊರ ಅಂಗಳಗಳಲ್ಲಿಯೂ ಇರುತ್ತಿದ್ದ ಹಗೇವುಗಳು ಏತಕ್ಕಾಗಿ ಇದ್ದವು? ನೆಲವನ್ನು ಆಳವಾಗಿ ಅಗೆದು, ಸುತ್ತಲೂ ಹುಲ್ಲು ಕಣಿಕೆಗಳನ್ನು ಹೊದಿಸಿ, ಬಿಳಿಜೋಳವನ್ನು ತುಂಬಿ ಬಾಯಿ ಮುಚ್ಚಿದರೆ ಅದು ವರ್ಷಾನುಗಟ್ಟಲೆ ಇರುತ್ತಿತ್ತು. ಬಾಯಿ ತೆರೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿಯು ಹೊರಟುಹೋಗುವ ವರೆಗೆ ಕಾದು, ದೀಪವನ್ನು ಇಳಿಬಿಟ್ಟು ನೋಡಿ, ಆ ಮೇಲೆ ಇಳಿಯುತ್ತಿದ್ದರು. ಸುಗ್ಗಿಯ ವರ್ಷದ ಜೋಳವನ್ನು ಬರದ ವರ್ಷಕ್ಕೆ ದಾಟಿಸುವ ಸಾಧನವು ಅದು. ಹಗೇವು ಇದ್ದವನು ಈ ವರ್ಷದ ಅಗ್ಗದ ಧಾರಣೆಗೂ ಬರುವ ವರ್ಷದ ತುಟ್ಟಿ ಧಾರಣೆಗೂ ನಡುವಿನ ಅಂತರವನ್ನು ತನ್ನದಾಗಿ ಮಾಡಿಕೊಳ್ಳುತ್ತಿದ್ದನು. ಇಲ್ಲದವನು ಆ ಅಂತರವನ್ನು ತನ್ನ ಹೊಟ್ಟೆಯಿಂದ ತೆರುತ್ತಿದ್ದನು. 1876ರಿಂದ 1878ರ ವರೆಗಿನ ಘೋರ ಬರಗಾಲದಲ್ಲಿ, ಆಗ ಕಲಾದಗಿ ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಈ ನಾಡು ಪಟ್ಟ ಪಾಡು ಇತಿಹಾಸದಲ್ಲಿ ದಾಖಲಾಗಿದೆ. ಆಗ ಇಲ್ಲಿಗೆ ರೈಲು ಇರಲಿಲ್ಲ. 1884ರಲ್ಲಿ ಸೊಲ್ಲಾಪುರದಿಂದ ಗದುಗಿನ ವರೆಗೆ ರೈಲುಹಾದಿಯಾದ ಮೇಲೆ ಒಂದೂರಿನ ಧಾರಣೆಗೂ ಇನ್ನೊಂದೂರಿನ ಧಾರಣೆಗೂ ಇದ್ದ ಅಂತರವು ಸಾಗಾಣಿಕೆಯ ವೆಚ್ಚದ ಸಮೀಪಕ್ಕೆ ಇಳಿಯುತ್ತ ಬಂದಿತು. ಊರಿನಿಂದೂರಿಗೆ ಮಾಲನ್ನು ಒಯ್ಯುವದು ರೈಲಿನ ಕೆಲಸವಾದರೆ, ತಿಂಗಳಿನಿಂದ ತಿಂಗಳಿಗೆ ಒಯ್ಯುವದು ಉಗ್ರಾಣದ ಕೆಲಸ. ಆ ಉಗ್ರಾಣದ ಬಾಡಿಗೆಯನ್ನು ಬಹಿರಂಗವಾಗಿ ಕೂಗಿ ಹೇಳುವದೇ ವಾಯಿದೆ ಪೇಟೆಯ ಕೆಲಸ.

ವಾಯಿದೆಯು ಈ ಭಾಗಕ್ಕೆ ಪರಕೀಯವೂ ಅಲ್ಲ. ಧಾರವಾಡ, ವಿಜಯಪುರಗಳ ಎರೆಭೂಮಿಯ ಹತ್ತಿಯು ಕುಮಟಾ ಬಂದರದಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಆ ಹತ್ತಿಗೇ ಕುಮಟಾ ಎಂಬ ಹೆಸರು ನಿಂತಿತು. ಮುಂಬಯಿಯಲ್ಲಿ 1875ರಷ್ಟು ಹಿಂದೆಯೇ ಹತ್ತಿಯ ವ್ಯಾಪಾರಸ್ಥರ ಸಂಘವು ಏರ್ಪಟ್ಟಿತು. 1920ರ ದಶಕದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಾಟನ್ ಅಸೋಸಿಯೇಶನ್ ಹುಟ್ಟಿತು. ನಮ್ಮ ಅಜ್ಜಂದಿರು ಹತ್ತಿಯ ಅಂಡಿಗೆಯನ್ನು ಬಂಡಿಯಲ್ಲಿ ಹೇರಿಕೊಂಡು ಪೇಟೆಗೆ ಬಂದಾಗ ಅವರಿಗೆ ದೊರೆಯುತ್ತಿದ್ದ ಧಾರಣೆಯ ಹಿಂದೆ ಮುಂಬಯಿಯ ವಾಯಿದೆಯ ನೆರಳು ಇದ್ದೇ ಇತ್ತು. ನೆರಳನ್ನು ಕಂಡವರು ವ್ಯಾಪಾರಿಗಳು; ಒಕ್ಕಲಿಗನು ಕಾಣಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಹಿಡಿದವುಗಳೇ ಹೊರತು ಯಾವದೊಂದು ದಿನದ ಪೇಟೆಯ ಧಾರಣೆಗಳಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಬೇಕು. ಕಡಲೆಯ ಇಂದಿನ ಧಾರಣೆಯನ್ನು ಕ್ವಿಂಟಲಿಗೆ 5,500 ರೂಪಾಯಿಯೆಂದು ಹಿಡಿಯೋಣ. ನಾಲ್ಕು ತಿಂಗಳು ಇಡಬೇಕೆಂದಿದ್ದರೆ, ವರ್ಷಕ್ಕೆ ಶೇಕಡಾ 12ರಂತೆ ಬಡ್ಡಿಯು 220 ರೂಪಾಯಿ. ಉಗ್ರಾಣದ ಬಾಡಿಗೆ ತಿಂಗಳಿಗೆ 10ರಂತೆ 40. ಹಮಾಲಿ, ಚೀಲಗಳಿಗೆ 30. ಒಣಗಿ, ಹುಳುಬಿದ್ದು ತೂಕದಲ್ಲಿ ಶೇಕಡಾ ಒಂದು ಕಡಿಮೆಯಾದರೆ 55. ಒಟ್ಟು 345 ರೂಪಾಯಿ. ಅಂದರೆ ನಾಲ್ಕು ತಿಂಗಳ ಮೇಲೆ ಧಾರಣೆಯು 5,845ನ್ನು ದಾಟಿದರೆ ಮಾತ್ರ ಇಟ್ಟದ್ದರಿಂದ ಲಾಭ. 5,800ಕ್ಕೆ ಮಾರಿ ಮುನ್ನೂರು ಗಳಿಸಿದೆನೆಂದು ಹಿಗ್ಗುವವನು ನಿಜವಾಗಿ 45 ರೂಪಾಯಿಗಳನ್ನು ಕಳೆದುಕೊಂಡಿರುತ್ತಾನೆ.

ಒಣದ್ರಾಕ್ಷಿಯ ಲೆಕ್ಕವು ಇದಕ್ಕಿಂತ ಭಾರವಾದದ್ದು, ಯಾಕಂದರೆ ಮಾಲು ಬೆಲೆಯುಳ್ಳದ್ದು, ಮತ್ತು ಅದರ ಬಣ್ಣವು ಕೆಡದಂತೆ ಇಡಬೇಕಾದರೆ ಶೀತಗೃಹವೇ ಬೇಕು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಯು ಒಣಗಿ ಒಂದು ಕಿಲೋ ಆಗುವದು. ಅಷ್ಟರಲ್ಲಿಯೇ ಚಾಟಣಿ, ಔಷಧ, ಕೂಲಿ, ಅದ್ದುವ ಎಣ್ಣೆಗಳೆಂದು ಒಕ್ಕಲಿಗನ ಹಣವೆಲ್ಲ ಮಾಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಕಿಲೋಗೆ 150 ರೂಪಾಯಿಯೆಂದು ಹಿಡಿದರೆ ಒಂದು ಟನ್ನಿಗೆ ಒಂದೂವರೆ ಲಕ್ಷ. ಆರು ತಿಂಗಳ ಬಡ್ಡಿಯು ಶೇಕಡಾ 12ರಂತೆ 9,000; ಶೀತಗೃಹದ ಬಾಡಿಗೆಯನ್ನು ತಿಂಗಳಿಗೆ 600ರಂತೆ ಹಿಡಿದರೆ 3,600; ಏರಿಸಿ ಇಳಿಸುವದಕ್ಕೆ 900; ತೂಕದ ನಷ್ಟಕ್ಕೆ 1,500. ಒಟ್ಟು 15,000. ಅಂದರೆ ಕಿಲೋಗೆ 15 ರೂಪಾಯಿ. ಚೈತ್ರದ 150ಕ್ಕೆ ದೀಪಾವಳಿಯ 165 ಸಮಾನ. ಅದಕ್ಕೆ ಮಿಕ್ಕಿದ್ದೇ ಲಾಭ.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕೆಂದು ಬೇಡುತ್ತೇನೆ; ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತೇ ಅದು. ಮೇಲಿನ ಲೆಕ್ಕದಲ್ಲಿ ಬಡ್ಡಿಯನ್ನು ಶೇಕಡಾ 12ರಂತೆ ಹಿಡಿದೆನು. ಅದೇ ಒಣದ್ರಾಕ್ಷಿಯನ್ನು ಖಾಸಗಿ ಸಾಲದ ಮೇಲೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಬಡ್ಡಿ ತೆರುವವನು ಇಟ್ಟರೆ ಬಡ್ಡಿಯೇ 18,000 ಆಗುವದು. ಒಟ್ಟು ವೆಚ್ಚವು 24,000ಕ್ಕೆ ಏರುವದು. ಅವನಿಗೆ ದೀಪಾವಳಿಯಲ್ಲಿ 174 ದೊರೆಯಬೇಕು. ಈಗ ದೀಪಾವಳಿಯ ಧಾರಣೆಯು 170 ಆಯಿತೆನ್ನಿರಿ. ಒಂದೇ ಊರು, ಒಂದೇ ಜಾತಿಯ ಮಾಲು, ಒಂದೇ ಶೀತಗೃಹ. ಒಬ್ಬನಿಗೆ ಕಿಲೋಗೆ 5 ರೂಪಾಯಿ ಲಾಭ, ಇನ್ನೊಬ್ಬನಿಗೆ 4 ರೂಪಾಯಿ ನಷ್ಟ. ವ್ಯಾಪಾರಿಯು ಚೈತ್ರದಲ್ಲಿ ಕೊಂಡು ದೀಪಾವಳಿಗೆ ಮಾರಿ ಗಳಿಸುವದನ್ನು ಕಂಡು ನಾವು ಅವನ ಜಾಣತನವನ್ನು ಶಪಿಸುತ್ತೇವೆ. ಅವನ ಜಾಣತನಕ್ಕಿಂತ ಅವನ ಬಡ್ಡಿಯ ದರವೇ ಅವನಿಗೆ ಹೆಚ್ಚಿನ ಬಲ. ಅಗ್ಗದ ಬಡ್ಡಿಯಲ್ಲಿ ಹಣ ದೊರೆಯುವವನಿಗೆ ತಿಂಗಳುಗಳ ನಡುವಿನ ಅಂತರವು ಸೇರುತ್ತದೆ. ತುಟ್ಟಿ ಬಡ್ಡಿಯವನು ಅದನ್ನು ಬಿಟ್ಟುಕೊಡಲೇಬೇಕಾಗುತ್ತದೆ. ಇದು ಗಣಿತದ ಮಾತು. ಇದಕ್ಕೆ ಯಾರ ಮೇಲೂ ಸಿಟ್ಟಾಗಿ ಪ್ರಯೋಜನವಿಲ್ಲ.

ವಾಯಿದೆ ಪೇಟೆಯು ನೆಟ್ಟಗೆ ನಡೆದಾಗ ದೂರದ ತಿಂಗಳ ಧಾರಣೆಯು ಹತ್ತಿರದ ತಿಂಗಳ ಧಾರಣೆಯನ್ನು ಈ ಇಡುವ ವೆಚ್ಚಕ್ಕಿಂತ ಬಹಳವಾಗಿ ಮೀರಿ ನಿಲ್ಲಲಾರದು. ಮೀರಿದರೆ ಹಣವುಳ್ಳವರು ಹತ್ತಿರದ ಮಾಲನ್ನು ಕೊಂಡು, ಉಗ್ರಾಣದಲ್ಲಿಟ್ಟು, ದೂರದ ತಿಂಗಳಲ್ಲಿ ಕೊಟ್ಟು ನಿಶ್ಚಿತವಾದ ಲಾಭವನ್ನು ಪಡೆಯುವರು; ಅವರ ಆ ಕೊಳ್ಳುವಿಕೆಯಿಂದಲೇ ಅಂತರವು ಕುಗ್ಗುವದು. ಆದಕಾರಣ ಒಂದು ಕಡೆಗೆ ಈ ಅಂತರಕ್ಕೆ ಮೇರೆಯುಂಟು. ಇನ್ನೊಂದು ಕಡೆಗೆ ಮೇರೆಯೇ ಇಲ್ಲ. ಹತ್ತಿರದ ತಿಂಗಳಲ್ಲಿ ಮಾಲಿನ ಅಭಾವವಾದರೆ ಅದರ ಧಾರಣೆಯು ದೂರದ ತಿಂಗಳನ್ನು ಎಷ್ಟಾದರೂ ಮೀರಿ ಹೋಗಬಹುದು. ಬರುವ ಸುಗ್ಗಿಯ ತೊಗರಿಯನ್ನು ತಂದು ಕಾರ್ತೀಕದಲ್ಲಿ ಕೊಡಲು ಯಾರಿಂದಲೂ ಆಗದು. ಇಂದಿನ ಕಾಳನ್ನು ನಾಳೆಗೆ ಇಡಬಹುದು, ನಾಳೆಯ ಕಾಳನ್ನು ಇಂದಿಗೆ ತರಲಾಗದು. ಅಂತರದ ವ್ಯಾಪಾರದ ಅಪಾಯವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

ಮೇರೆಯಿರುವ ಕಡೆಯಲ್ಲಿಯೂ ಆ ಮೇರೆಯು ಉಗ್ರಾಣದಲ್ಲಿ ಸ್ಥಳವಿರುವ ವರೆಗೆ ಮಾತ್ರ. 2020ರ ಏಪ್ರಿಲ್ 20ರಂದು ಅಮೇರಿಕೆಯ ಕಚ್ಚಾ ತೈಲದ ಪೇಟೆಯಲ್ಲಿ ಮೇ ತಿಂಗಳ ವಾಯಿದೆಯ ಧಾರಣೆಯು ಸೊನ್ನೆಗಿಂತ ಕೆಳಗಿಳಿದು, ಪೀಪಾಯಿಗೆ 37 ಡಾಲರಿಗೂ ಮಿಕ್ಕಿ ಋಣವಾಯಿತು. ಅಂದರೆ ತೈಲವನ್ನು ಒಯ್ಯುವವನಿಗೆ ಮಾರುವವನೇ ಹಣವನ್ನು ಕೊಡಬೇಕಾಯಿತು! ಅದೇ ದಿನ ಜೂನ್ ತಿಂಗಳ ವಾಯಿದೆಯು ಸುಮಾರು 20 ಡಾಲರಿನಲ್ಲಿ ಇತ್ತು. ತೈಲವು ಕೆಟ್ಟಿರಲಿಲ್ಲ. ಕೊರೋನಾ ರೋಗದಿಂದ ಬಳಕೆಯು ನಿಂತು, ತೈಲವನ್ನು ತುಂಬಿಡುವ ತೊಟ್ಟಿಗಳಲ್ಲಿ ಸ್ಥಳವೇ ಉಳಿದಿರಲಿಲ್ಲ. ನಮ್ಮ ಮುಂಬಯಿಯ ಎಂ.ಸಿ.ಎಕ್ಸ್. ಪೇಟೆಯಲ್ಲಿಯೂ ಆ ವಾಯಿದೆಯನ್ನು 2,884 ರೂಪಾಯಿಗಳ ಋಣದ ಧಾರಣೆಯಲ್ಲಿ ಮುಗಿಸಬೇಕಾಯಿತು. ಇದು ದೂರದ ಕಥೆಯೆಂದು ತಿಕೋಟಾದ ದ್ರಾಕ್ಷಿ ಬೆಳೆಗಾರರು ತಿಳಿಯಬಾರದು. ಸಮೃದ್ಧಿಯ ವರ್ಷದಲ್ಲಿ ಶೀತಗೃಹಗಳು ತುಂಬಿ, ಮಾಲು ಹೊತ್ತ ಗಾಡಿಗಳು ಬಾಗಿಲಲ್ಲಿ ಸಾಲುಗಟ್ಟಿ ನಿಂತಾಗ ಚೈತ್ರದ ಧಾರಣೆಯು ಯಾಕೆ ಕುಸಿಯುತ್ತದೆ ಎಂಬದಕ್ಕೆ ಇದೇ ಕಾರಣವು. ಒಣದ್ರಾಕ್ಷಿಗೆ ನಮ್ಮ ದೇಶದಲ್ಲಿ ವಾಯಿದೆ ಪೇಟೆಯಿಲ್ಲದಿದ್ದರೂ ಅಂತರದ ನಿಯಮವು ಅದನ್ನು ಬಿಟ್ಟಿಲ್ಲ.

ಇನ್ನು ನಷ್ಟವಿಲ್ಲದ ವ್ಯಾಪಾರವೆಂಬ ಭ್ರಾಂತಿಯನ್ನು ಕುರಿತು ಹೇಳುವೆನು. ನನಗೆ ಪರಿಚಿತರಾದ ತಿಕೋಟಾ ಕಡೆಯ ಒಬ್ಬ ಯುವಕರು ದ್ರಾಕ್ಷಿಯ ಮುಂಗಡವಾಗಿ ಬಂದ ಹಣವನ್ನು ಅರಿಸಿನದ ವಾಯಿದೆಯಲ್ಲಿ ತೊಡಗಿಸಿದರು. ಹತ್ತಿರದ ತಿಂಗಳನ್ನು ಮಾರಿ ದೂರದ ತಿಂಗಳನ್ನು ಕೊಂಡರು. ಎರಡೂ ಒಂದೇ ಮಾಲು, ಒಂದು ಏರಿದರೆ ಇನ್ನೊಂದೂ ಏರುವದು, ಒಂದರ ನಷ್ಟವನ್ನು ಇನ್ನೊಂದು ತುಂಬುವದು ಎಂದು ಯಾರೋ ಅವರಿಗೆ ಹೇಳಿದ್ದರು. ಪೇಟೆಯ ನಿಯಮದಂತೆ ಇಂಥ ಜೋಡಿ ವ್ಯವಹಾರಕ್ಕೆ ಕೊಡಬೇಕಾದ ಠೇವಣಿಯೂ ಕಡಿಮೆ. ಒಂಟಿ ವ್ಯವಹಾರದಲ್ಲಿ ಒಂದು ಕರಾರಿಗೆ ಸಾಲುವ ಹಣದಲ್ಲಿ ಜೋಡಿಯಲ್ಲಿ ಹಲವನ್ನು ಹಿಡಿಯಬಹುದು. ಅವರು ಹಿಡಿದೇ ಹಿಡಿದರು. ಹತ್ತಿರದ ತಿಂಗಳಲ್ಲಿ ಕೊಡಲು ಯೋಗ್ಯವಾದ ಮಾಲಿನ ಕೊರತೆಯಾಗಿ ಅದು ಏರಿತು. ದೂರದ ತಿಂಗಳು ಹೊಸ ಬೆಳೆಯ ನಿರೀಕ್ಷೆಯಿಂದ ಕದಲಲಿಲ್ಲ. ಮಾಲನ್ನು ಕೊಡುವ ದಿನಗಳು ಸಮೀಪಿಸಿದಂತೆ ಜೋಡಿಗೆ ಇದ್ದ ಠೇವಣಿಯ ರಿಯಾಯಿತಿಯೂ ಹೋಯಿತು. ದಿನಕ್ಕೊಂದು ಬಾರಿ ಹಣವನ್ನು ತುಂಬೆಂದು ಕರೆ ಬಂದು, ಕೊನೆಗೆ ತುಂಬಲಾರದೆ ಬಿಟ್ಟರು. ಆ ವರ್ಷ ಅವರ ತೋಟದ ಚಾಟಣಿಯು ಸಾಲದ ಹಣದಲ್ಲಿ ಆಯಿತು. ಅವರ ತಂದೆಯವರು ಇಂದಿಗೂ ಅದನ್ನು ಕುರಿತು ಮಾತಾಡುವದಿಲ್ಲ, ಮಗನೂ ಮಾತಾಡುವದಿಲ್ಲ, ನಾನು ಇಷ್ಟನ್ನು ಬರೆಯಲು ಅವರ ಒಪ್ಪಿಗೆಯನ್ನು ಪಡೆದಿದ್ದೇನೆ.

ಇದು ಅರಿಯದ ಹುಡುಗನ ತಪ್ಪೆಂದು ಯಾರಾದರೂ ಹೇಳಬಹುದು. ಅಮೇರಿಕೆಯ ಅಮರಾಂತ್ ಎಂಬ ಹಣಕಾಸಿನ ಸಂಸ್ಥೆಯಲ್ಲಿ ಇದ್ದವರು ಅರಿಯದವರಲ್ಲ. 2006ರ ಸಪ್ಟೆಂಬರದಲ್ಲಿ ಆ ಸಂಸ್ಥೆಯು ನೈಸರ್ಗಿಕ ಅನಿಲದ ವಾಯಿದೆಗಳಲ್ಲಿ, ಮುಖ್ಯವಾಗಿ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳ ಅಂತರದಂಥ ವ್ಯವಹಾರಗಳಲ್ಲಿ, 600 ಕೋಟಿ ಡಾಲರಿಗೂ ಮಿಕ್ಕಿ ಕಳೆದುಕೊಂಡು ಮುಚ್ಚಿಹೋಯಿತು. ಮಾರ್ಚ್ ಎಂದರೆ ಅಲ್ಲಿ ಚಳಿಗಾಲದ ಕೊನೆ, ಕೂಡಿಟ್ಟದ್ದು ಬರಿದಾಗುವ ಕಾಲ. ಏಪ್ರಿಲ್ ಎಂದರೆ ಮತ್ತೆ ತುಂಬಲು ತೊಡಗುವ ಕಾಲ. ನಮ್ಮ ತೊಗರಿಗೆ ಕಾರ್ತೀಕವೂ ಪುಷ್ಯವೂ ಇದ್ದಂತೆ. ಹಳೆಯ ಬೆಳೆಯ ಕೊನೆಯ ತಿಂಗಳಿಗೂ ಹೊಸ ಬೆಳೆಯ ಮೊದಲ ತಿಂಗಳಿಗೂ ನಡುವಿನ ಅಂತರವು ಒಂದೇ ಮಾಲಿನ ಎರಡು ಧಾರಣೆಗಳೆಂದು ಕಂಡರೂ ನಿಜವಾಗಿ ಎರಡು ಬೇರೆ ಮಾಲುಗಳ ಧಾರಣೆಗಳೇ. ಆದಕಾರಣ ನಮ್ಮ ಒಕ್ಕಲಿಗರು ಅಂತರದ ವ್ಯಾಪಾರಕ್ಕೆ ಕೈಯಿಕ್ಕಬಾರದೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ಅದನ್ನು ಓದಲು ಮಾತ್ರ ಅವಶ್ಯವಾಗಿ ಕಲಿಯಬೇಕು.

ಓದುವದು ಕಠಿಣವಲ್ಲ. ದೂರದ ತಿಂಗಳ ಧಾರಣೆಯಲ್ಲಿ ಹತ್ತಿರದ ತಿಂಗಳ ಧಾರಣೆಯನ್ನು ಕಳೆಯಬೇಕು. ಬಂದ ಅಂಕಿಯು ತನ್ನ ಇಡುವ ವೆಚ್ಚಕ್ಕಿಂತ ಕಡಿಮೆಯಿದ್ದರೆ ಪೇಟೆಯು ಮಾಲನ್ನು ಈಗಲೇ ಬೇಡುತ್ತಿದೆಯೆಂದು ತಿಳಿದು ಮಾರಬೇಕು. ಹತ್ತಿರದ ತಿಂಗಳೇ ದೂರದ ತಿಂಗಳಿಗಿಂತ ತುಟ್ಟಿಯಾಗಿದ್ದರೆ ಒಂದು ವಾರವನ್ನೂ ಕಳೆಯಬಾರದು. ಅಂತರವು ತನ್ನ ವೆಚ್ಚಕ್ಕಿಂತ ಹೆಚ್ಚಾಗಿದ್ದರೆ ಇಡುವವನಿಗೆ ಪೇಟೆಯು ಬಾಡಿಗೆಯನ್ನು ಕೊಡಲು ಸಿದ್ಧವಾಗಿದೆಯೆಂದು ಅರ್ಥ. ಆಗ ಇಡುವದರಲ್ಲಿ ಅರ್ಥವುಂಟು. ಧಾರಣೆಯು ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂಬದು ಈ ನಿರ್ಣಯಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಹೀಗೆ ಹೇಳಿದಾಗ ಹಿರಿಯರು ನಂಬುವದಿಲ್ಲ; ಹೋದ ವರ್ಷ ಏಳು ಸಾವಿರಕ್ಕೆ ಹೋದದ್ದನ್ನು ಈಗ ಐದೂವರೆಗೆ ಹೇಗೆ ಬಿಡಲಿ ಎನ್ನುವರು. ಹೋದ ವರ್ಷದ ಧಾರಣೆಯು ಹೋದ ವರ್ಷದ ಮಳೆಯಂತೆ, ಈ ವರ್ಷದ ಹೊಲಕ್ಕೆ ಅದು ಬೀಳದು.

ಆದರೆ ಓದಬೇಕೆಂದರೆ ಪುಸ್ತಕವು ತೆರೆದಿರಬೇಕಷ್ಟೆ. ಇಲ್ಲಿ ಸರಕಾರದ ನೀತಿಯನ್ನು ಕುರಿತು ವಿನಯಪೂರ್ವಕವಾಗಿ ಒಂದು ಮಾತನ್ನು ಹೇಳದಿರಲಾರೆ. 1952ರ ಕಾನೂನಿನಿಂದ ವಾಯಿದೆಯು ಕೇಂದ್ರ ಸರಕಾರದ ಹಿಡಿತಕ್ಕೆ ಬಂದಿತು. ಮುಂದಿನ ದಶಕದಲ್ಲಿ ಬಹುತೇಕ ಸರಕುಗಳಿಗೆ ತಡೆಯಾಯಿತು. 2003ರಲ್ಲಿ ಬಾಗಿಲು ಮತ್ತೆ ತೆರೆಯಿತು. 2007ರ ಜನವರಿಯಲ್ಲಿ ತೊಗರಿ ಮತ್ತು ಉದ್ದುಗಳ ವಾಯಿದೆಯನ್ನು ನಿಲ್ಲಿಸಲಾಯಿತು. ವಾಯಿದೆಯಿಂದಲೇ ಧಾರಣೆಗಳು ಏರುತ್ತವೆಯೇ ಎಂಬದನ್ನು ಪರೀಕ್ಷಿಸಲು ನೇಮಿಸಿದ ಅಭಿಜಿತ ಸೇನ್ ಅವರ ಸಮಿತಿಯು 2008ರಲ್ಲಿ ಕೊಟ್ಟ ವರದಿಯಲ್ಲಿ ಹಾಗೆಂದು ನಿರ್ಣಯಿಸಲು ಸಾಕಷ್ಟು ಆಧಾರವನ್ನು ಕಾಣಲಿಲ್ಲ. ಕಡಲೆಯ ವಾಯಿದೆಯನ್ನು 2008ರಲ್ಲಿ ಕೆಲವು ತಿಂಗಳು, 2016ರಲ್ಲಿ ಒಂದು ವರ್ಷದಷ್ಟು ನಿಲ್ಲಿಸಿ, ಮರಳಿ ತೆರೆದು, 2021ರ ಆಗಸ್ಟಿನಲ್ಲಿ ಪುನಃ ನಿಲ್ಲಿಸಲಾಯಿತು. ಆ ವರ್ಷದ ಡಿಸೆಂಬರದಲ್ಲಿ ಗೋದಿ, ಭತ್ತ, ಹೆಸರು, ಸಾಸಿವೆ, ಸೋಯಾ, ತಾಳೆಯೆಣ್ಣೆಗಳನ್ನೂ ಕೂಡಿಸಿ ಒಂದು ವರ್ಷಕ್ಕೆಂದು ಹಾಕಿದ ತಡೆಯು ಮರಳಿ ಮರಳಿ ಬೆಳೆದು 2026ರ ಮಾರ್ಚ್ ತಿಂಗಳವರೆಗೂ ಬಂದಿತು.

ತಡೆಯಿಂದ ಆದದ್ದೇನು? ತೊಗರಿಯನ್ನು ನೋಡೋಣ, ಅದು ನಮ್ಮ ಬೆಳೆ. ವಾಯಿದೆಯು ನಿಂತು ಎಂಟು ವರ್ಷಗಳಾದ ಮೇಲೆ, 2015ರಲ್ಲಿ, ಪಟ್ಟಣಗಳ ಅಂಗಡಿಗಳಲ್ಲಿ ತೊಗರಿಬೇಳೆಯು ಕಿಲೋಗೆ ಇನ್ನೂರು ರೂಪಾಯಿಯ ವರೆಗೆ ಹೋಯಿತು. ಏರಿದ ಧಾರಣೆಯನ್ನು ನಂಬಿ ಎಲ್ಲರೂ 2016ರ ಮುಂಗಾರಿಗೆ ತೊಗರಿಯನ್ನೇ ಬಿತ್ತಿದರು. ಬೆಳೆ ಬಂದಾಗ, 2017ರ ಆರಂಭದಲ್ಲಿ, ಪ್ರೋತ್ಸಾಹಧನವೂ ಸೇರಿ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತಲೂ ಪೇಟೆಯ ಧಾರಣೆಯು ಕೆಳಗಿಳಿದು, ಖರೀದಿ ಕೇಂದ್ರಗಳ ಮುಂದೆ ಚೀಲಗಳು ಸಾಲುಗಟ್ಟಿದವು. ವಾಯಿದೆಯಿದ್ದಿದ್ದರೆ ಈ ಏರಿಳಿತವು ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಬೆಳೆಯ ಹೆಚ್ಚುಕಡಿಮೆಯನ್ನೂ ಆಮದನ್ನೂ ವಾಯಿದೆಯು ತಡೆಯದು. ಆದರೆ 2016ರ ಮೃಗಶಿರಾ ಮಳೆಗೆ ಬಿತ್ತುವ ಮುಂಚೆ 2017ರ ಜನವರಿಯ ವಾಯಿದೆಯು ಆಗಿನ ಪೇಟೆಯ ಧಾರಣೆಗಿಂತ ಬಹಳ ಕೆಳಗಿದೆಯೆಂದು ಕಂಡಿದ್ದರೆ, ಬಬಲೇಶ್ವರದ ಎರೆಹೊಲಗಳಲ್ಲಿ ಕೆಲವರಾದರೂ ಬೀಜದ ಚೀಲವನ್ನು ಬಿಚ್ಚುವ ಮೊದಲು ಎರಡನೆಯ ಸಲ ಯೋಚಿಸುತ್ತಿದ್ದರು.

ತಡೆಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳುಂಟು. ಬಡವನ ಬೇಳೆಯೊಡನೆ ಹಣವಂತರು ಆಟವಾಡಬಾರದೆಂಬ ಭಾವನೆಯು ತಿರಸ್ಕಾರಕ್ಕೆ ಯೋಗ್ಯವಾದದ್ದಲ್ಲ. ಉಗ್ರಾಣದ ಮಾಲನ್ನೆಲ್ಲ ಒಬ್ಬಿಬ್ಬರೇ ಹಿಡಿದು ಹತ್ತಿರದ ತಿಂಗಳನ್ನು ಹಿಂಡುವದು ಎಲ್ಲ ದೇಶಗಳಲ್ಲಿಯೂ ನಡೆದದ್ದೇ. ಅಂಥವರನ್ನು ಹಿಡಿಯಲು ಎಷ್ಟು ಮಾಲನ್ನು ಒಬ್ಬರು ಹೊಂದಬಹುದೆಂಬ ಮಿತಿಯೂ, ಉಗ್ರಾಣಗಳ ತಪಾಸಣೆಯೂ ಇವೆ. 2015ರಿಂದ ಈ ಅಧಿಕಾರವು ಸೆಬಿ ಸಂಸ್ಥೆಯ ಕೈಗೆ ಬಂದಿರುತ್ತದೆ. ದೀಪದಿಂದ ಬೆಂಕಿ ಹತ್ತೀತೆಂದು ದೀಪವನ್ನು ಕಾಯಬೇಕು. ಆರಿಸಿಬಿಟ್ಟರೆ ಕತ್ತಲೆಯಲ್ಲಿ ಎಡವುವವನು ಮನೆಯ ಯಜಮಾನನೇ, ಕಳ್ಳನಲ್ಲ. ದೊಡ್ಡ ವ್ಯಾಪಾರಿಗೆ ವಾಯಿದೆಯಿಲ್ಲದಿದ್ದರೂ ಮ್ಯಾನ್ಮಾರದ, ಮೊಜಾಂಬಿಕದ ಸುದ್ದಿಯು ತಿಳಿಯುತ್ತದೆ. ತಿಳಿಯದವನು ನಮ್ಮವನು.

ಕಡಲೆಯ ವಾಯಿದೆಯು ನಡೆಯುತ್ತಿದ್ದಾಗಲೂ ಅದು ನಮ್ಮವನಿಗೆ ನೇರವಾಗಿ ಎಟಕುವಂತಿರಲಿಲ್ಲ ಎಂಬದನ್ನೂ ಒಪ್ಪತಕ್ಕದ್ದು. ಒಂದು ಕರಾರೆಂದರೆ 10 ಟನ್ನು, ಅಂದರೆ 100 ಕ್ವಿಂಟಲು. ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ಐದು ಕ್ವಿಂಟಲು ಹಿಡಿದರೆ ಅದು 20 ಎಕರೆಯ ಬೆಳೆ. ಅದರ ಆಧಾರಕೇಂದ್ರವಂತೂ ಉತ್ತರ ಹಿಂದುಸ್ಥಾನದಲ್ಲಿ. ಅಲ್ಲಿಯ ಧಾರಣೆಗೂ ವಿಜಯಪುರದ ಧಾರಣೆಗೂ ನಡುವೆ ಊರಿನ ಅಂತರವೊಂದು ಬೇರೆ. ಅದು ಸಾಗಾಣಿಕೆಯ ವೆಚ್ಚಕ್ಕೆ ಸರಿಯಾಗಿ ಎಂದೂ ನಿಲ್ಲದು. ಹತ್ತು ಜನರು, ನೂರು ಜನರು ಕೂಡಿದ ಉತ್ಪಾದಕರ ಕಂಪನಿಯು, ಲೆಕ್ಕ ಬಲ್ಲ ಒಬ್ಬ ನೌಕರನನ್ನಿಟ್ಟುಕೊಂಡು, ಕೈಯಲ್ಲಿರುವ ಮಾಲಿನಷ್ಟನ್ನೇ ಮುಂದಿನ ತಿಂಗಳಿಗೆ ಮಾರಿಟ್ಟರೆ ಅದನ್ನು ನಾನು ಜೂಜೆನ್ನಲಾರೆ. ಇಲ್ಲದ ಮಾಲನ್ನು ಮಾರಿದ ದಿನವೇ ಆ ಕಂಪನಿಯ ಸದಸ್ಯರು ಸಭೆ ಕರೆಯಬೇಕು.

ವಾಯಿದೆಯು ಇರಲಿ ಇಲ್ಲದಿರಲಿ, ನಮ್ಮ ಕೈಯಲ್ಲಿಯೇ ಇರುವ ಕೆಲಸಗಳೂ ಉಂಟು. ಕೃಷಿ ಮಾರಾಟ ವಾಹಿನಿಯಲ್ಲಿ ರಾಜ್ಯದ ಪೇಟೆಗಳ ದಿನದಿನದ ಧಾರಣೆಗಳೂ ಆವಕವೂ ಪ್ರಕಟವಾಗುತ್ತವೆ. ಅವುಗಳಿಂದ ವಿಜಯಪುರ ಪೇಟೆಯ ಕಡಲೆ, ತೊಗರಿ, ಒಣದ್ರಾಕ್ಷಿಗಳ ಹತ್ತು ವರ್ಷಗಳ ತಿಂಗಳವಾರು ಧಾರಣೆಗಳನ್ನು ಆಯ್ದು, ಚೈತ್ರದಿಂದ ದೀಪಾವಳಿಗೆ ಎಷ್ಟು ವರ್ಷಗಳಲ್ಲಿ ಇಡುವ ವೆಚ್ಚವು ಹೊರಟಿತು, ಎಷ್ಟು ವರ್ಷಗಳಲ್ಲಿ ಹೊರಡಲಿಲ್ಲ ಎಂಬ ಒಂದು ಕೋಷ್ಟಕವನ್ನು ಈ ಪತ್ರಿಕೆಯಲ್ಲಿಯೇ ಪ್ರತಿವರ್ಷ ಸುಗ್ಗಿಯ ಮುಂಚೆ ಅಚ್ಚುಹಾಕಬೇಕೆಂದು ಸಂಪಾದಕರನ್ನು ಪ್ರಾರ್ಥಿಸುವೆನು. ಬೀಜೋಪಚಾರದ ಪ್ರಮಾಣವನ್ನು ಗ್ರಾಮುಗಳಲ್ಲಿ ಹೇಳುವ ಪತ್ರಿಕೆಯು ಇಡುವ ವೆಚ್ಚವನ್ನು ರೂಪಾಯಿಗಳಲ್ಲಿ ಯಾಕೆ ಹೇಳಬಾರದು? ವಿಜಯಪುರದ ಒಣದ್ರಾಕ್ಷಿಯ ಧಾರಣೆಯ ಪಕ್ಕದಲ್ಲಿ ಸಾಂಗ್ಲಿ, ತಾಸಗಾವಿಗಳ ಧಾರಣೆಯನ್ನೂ, ತೊಗರಿಯ ಪಕ್ಕದಲ್ಲಿ ಕಲಬುರ್ಗಿಯ ಧಾರಣೆಯನ್ನೂ, ಗಾಡಿಯ ಬಾಡಿಗೆಯನ್ನೂ ಕೊಟ್ಟರೆ ಊರಿನ ಅಂತರವೂ ಎಲ್ಲರಿಗೂ ಕಾಣುವದು. ಗಾಡಿಯ ಬಾಡಿಗೆಗಿಂತ ಅಂತರವು ಹೆಚ್ಚಾದ ದಿನ ಇಲ್ಲಿಯ ಅಡತಿಯವರನ್ನು ಯಾಕೆಂದು ಕೇಳಲು ಒಕ್ಕಲಿಗನ ಕೈಯಲ್ಲಿ ಒಂದು ಕಾಗದವಿರುವದು.

ಎರಡನೆಯ ಕೆಲಸವು ಬಡ್ಡಿಯದು. ಮೇಲೆ ತೋರಿಸಿದಂತೆ 12ಕ್ಕೂ 24ಕ್ಕೂ ನಡುವಿನ ಭೇದವೇ ಕಿಲೋಗೆ 9 ರೂಪಾಯಿಗಳನ್ನು ತಿನ್ನುತ್ತದೆ. 2007ರ ಉಗ್ರಾಣಗಳ ಕಾನೂನಿನಂತೆ ನೋಂದಾಯಿತ ಉಗ್ರಾಣದಲ್ಲಿಟ್ಟ ಮಾಲಿಗೆ ದೊರೆಯುವ ರಸೀದಿಯನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲವನ್ನು ಪಡೆಯಬಹುದು. ಈ ಸೌಕರ್ಯವು ಕಾಗದದ ಮೇಲೆ ಬಹಳ ಚೆನ್ನಾಗಿದೆ. ಒಕ್ಕಲಿಗನಿಗೆ ಹಣವು ಬೇಕಾಗುವದು ಮಾಲು ಪೆಟ್ಟಿಗೆ ಸೇರಿದ ವಾರದಲ್ಲಿ. ಕೂಲಿಯವರು ಊರಿಗೆ ಮರಳುವ ಮುಂಚೆ. ಆ ವಾರದಲ್ಲಿ ಹಣ ಬಾರದಿದ್ದರೆ ಅಡತಿಯವನ ಅಂಗಡಿಗೆ ಹೋಗುವದನ್ನು ಯಾವ ಉಪದೇಶವೂ ತಡೆಯಲಾರದು. ತಿಕೋಟಾದಲ್ಲಿ ಶೀತಗೃಹದ ಬಾಗಿಲಲ್ಲಿಯೇ, ಮಾಲು ಇಳಿದ ಎಂಟು ದಿನಗಳೊಳಗೆ, ರಸೀದಿಯ ಮೇಲೆ ಸಾಲ ದೊರೆಯುವಂತೆ ಸಹಕಾರಿ ಸಂಘಗಳೂ ಬ್ಯಾಂಕುಗಳೂ ಕೂಡಿ ಒಂದು ಸುಗ್ಗಿಯ ಮಟ್ಟಿಗಾದರೂ ಪ್ರಯತ್ನಿಸಿ ನೋಡಲಿ.

ಬರುವ ಚೈತ್ರದಲ್ಲಿ ನನ್ನ ಪಾಲಿನ ಎರಡು ಟನ್ ಒಣದ್ರಾಕ್ಷಿಯಲ್ಲಿ ಒಂದನ್ನು ಕೂಡಲೆ ಮಾರಿ, ಇನ್ನೊಂದನ್ನು ಶೀತಗೃಹದಲ್ಲಿ ಇಡಬೇಕೆಂದಿದ್ದೇನೆ. ಬಾಡಿಗೆ, ಬಡ್ಡಿ, ಹಮಾಲಿ, ತೂಕದ ನಷ್ಟಗಳನ್ನು ರಸೀದಿಗಳೊಡನೆ ಬರೆದಿಟ್ಟು, ಲಾಭವಾಗಲಿ ನಷ್ಟವಾಗಲಿ, ದೀಪಾವಳಿಯ ತರುವಾಯದ ಸಂಚಿಕೆಗೆ ಆ ಲೆಕ್ಕವನ್ನು ಕಳಿಸಿಕೊಡುವೆನು. ಬಬಲೇಶ್ವರದ ಕಡೆಯ ಯಾರಾದರೂ ಕಡಲೆಯನ್ನು ಕುರಿತು ಹೀಗೆಯೇ ಲೆಕ್ಕವನ್ನಿಟ್ಟು ಕಳಿಸುವದಾದರೆ ಎರಡನ್ನೂ ಒಂದೇ ಪುಟದಲ್ಲಿ ಅಚ್ಚುಹಾಕಬಹುದು.